ಧೂಳು ಮನೆಗೆ ಬರಬಾರದು, ದುಡಿಮೆಯೂ ನಿಲ್ಲಬಾರದು

ಕೆಲವು ತಿಂಗಳ ಹಿಂದೆ ಒಬ್ಬ ತಾಯಿ ತನ್ನ ಆರು ವರ್ಷದ ಮಗನನ್ನು ನಮ್ಮ ದವಾಖಾನೆಗೆ ಕರೆತಂದರು. ಹುಡುಗನಿಗೆ ಆಗಾಗ ಹೊಟ್ಟೆನೋವು, ಮಲಬದ್ಧತೆ. ಮುಖ ಬಿಳಿಚಿಕೊಂಡಿತ್ತು. ಶಾಲೆಯಲ್ಲಿ ಪಾಠ ತಲೆಗೆ ಹತ್ತುತ್ತಿಲ್ಲ ಎಂಬ ದೂರೂ ಇತ್ತು. ತಂದೆಯ ಕೆಲಸವೇನೆಂದು ಕೇಳಿದೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುತ್ತಾರೆ ಎಂದರು. ಮಗುವಿನ ರಕ್ತದಲ್ಲಿ ಸೀಸದ ಪ್ರಮಾಣ ಪರೀಕ್ಷಿಸಿ ನೋಡಿದಾಗ ನನ್ನ ಅನುಮಾನ ನಿಜವಾಯಿತು.

ಮರುದಿನ ತಂದೆಯೇ ಬಂದರು. "ಹಕೀಮ್ ಸಾಹೇಬ್, ಈ ಕೆಲಸ ಬಿಟ್ಟರೆ ಮಕ್ಕಳಿಗೆ ಏನು ತಿನ್ನಿಸಲಿ?" ಎಂದು ಕೇಳಿದರು. ಈ ಪ್ರಶ್ನೆಗೆ ನನ್ನ ಔಷಧದ ಕಪಾಟಿನಲ್ಲಿ ಉತ್ತರವಿರಲಿಲ್ಲ. ಒಂದು ದೇಶ ಇಂಥದೇ ಪ್ರಶ್ನೆಯನ್ನು ಹೇಗೆ ನಿಭಾಯಿಸಿತು ಎಂಬುದನ್ನು ತಿಳಿದರೆ ನಮಗೂ ದಾರಿ ಕಾಣಬಹುದು.

ಅಮೆರಿಕದ ಒಂದು ಯೋಜನೆ

ಅಮೆರಿಕದಲ್ಲಿ ಮುಚ್ಚಿಹೋದ ಕಾರ್ಖಾನೆ, ಹಳೆಯ ಪೆಟ್ರೋಲ್ ಬಂಕ್, ಲೋಹದ ಗುಜರಿ ಅಂಗಳ ಮುಂತಾದ ಕಲುಷಿತ ಜಾಗಗಳನ್ನು 'ಬ್ರೌನ್‌ಫೀಲ್ಡ್' ಎನ್ನುತ್ತಾರೆ. ಇಂಥವು ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಇವೆ ಎಂಬುದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ (ಇಪಿಎ) ಅಂದಾಜು. ಅನೇಕವು ಬಡವರ ಬಡಾವಣೆಗಳ ಪಕ್ಕದಲ್ಲೇ ಇವೆ. ಸ್ವಚ್ಛಗೊಳಿಸಲು ಸರ್ಕಾರ ಹಣ ಕೊಟ್ಟಾಗ ಹೊರಗಿನ ಗುತ್ತಿಗೆದಾರರು ಹೊರಗಿನ ಕೆಲಸಗಾರರನ್ನೇ ಕರೆತರುತ್ತಿದ್ದರು. ವರ್ಷಗಟ್ಟಲೆ ವಿಷ ಉಸಿರಾಡಿದ ಸ್ಥಳೀಯರಿಗೆ ಕೂಲಿಯೂ ಸಿಗುತ್ತಿರಲಿಲ್ಲ.

ಅದಕ್ಕಾಗಿ 1998ರಲ್ಲಿ ಇಪಿಎ ಉದ್ಯೋಗ ತರಬೇತಿಗೆ ಅನುದಾನ ಕೊಡಲು ಆರಂಭಿಸಿತು. ಹಣ ವ್ಯಕ್ತಿಗಳ ಕೈಗೆ ಹೋಗುವುದಿಲ್ಲ. ನಗರಾಡಳಿತ, ಲಾಭರಹಿತ ಸಂಸ್ಥೆಯಂಥವು ಅರ್ಜಿ ಹಾಕಬೇಕು. ಆಯ್ಕೆಯಾದ ಸಂಸ್ಥೆ ಆ ಪ್ರದೇಶದ ನಿರುದ್ಯೋಗಿಗಳಿಗೆ ಉಚಿತ ತರಬೇತಿ ಕೊಟ್ಟು ಕೆಲಸ ಹುಡುಕಲೂ ನೆರವಾಗಬೇಕು. ಒಂದು ಅನುದಾನದ ಮಿತಿ ಮೊದಲು 2 ಲಕ್ಷ ಡಾಲರ್ ಇತ್ತು; 2021ರ ಮೂಲಸೌಕರ್ಯ ಕಾಯ್ದೆಯ ಬಳಿಕ 5 ಲಕ್ಷಕ್ಕೆ ಏರಿತು. ಈವರೆಗೆ 20 ಸಾವಿರಕ್ಕೂ ಹೆಚ್ಚು ಮಂದಿ ತರಬೇತಿ ಮುಗಿಸಿದ್ದಾರೆ. ಸುಮಾರು ನಾಲ್ವರಲ್ಲಿ ಮೂವರಿಗೆ ಕೆಲಸ ಸಿಕ್ಕಿದೆ ಎಂದು ಸಂಸ್ಥೆಯ ಲೆಕ್ಕ ಹೇಳುತ್ತದೆ.

ಅಲ್ಲಿ ಕಲಿಸುವುದೇನು?

ವೈದ್ಯನಾದ ನನಗೆ ಹಣಕ್ಕಿಂತ ಮುಖ್ಯವಾಗಿ ಕಂಡದ್ದು ಪಾಠ. ಅಪಾಯಕಾರಿ ತ್ಯಾಜ್ಯದ ಸ್ಥಳದಲ್ಲಿ ದುಡಿಯುವವರಿಗೆ ಅಮೆರಿಕದ ಕಾನೂನು 40 ಗಂಟೆಗಳ ಸುರಕ್ಷತಾ ತರಬೇತಿ ವಿಧಿಸಿದೆ. ನಂತರ ಕನಿಷ್ಠ ಮೂರು ದಿನ ಅನುಭವಿಗಳ ಕಣ್ಗಾವಲಿನಲ್ಲಿ ಕೆಲಸ, ಪ್ರತಿವರ್ಷ 8 ಗಂಟೆಗಳ ಮರುಪಾಠ. ಯಾವ ವಿಷ ಯಾವ ದಾರಿಯಿಂದ ದೇಹ ಸೇರುತ್ತದೆ, ಯಾವ ಮಾಸ್ಕ್ ಯಾವುದಕ್ಕೆ ತಕ್ಕದು, ಕೆಲಸ ಮುಗಿದ ಮೇಲೆ ಬಟ್ಟೆ, ಬೂಟು, ಮೈಯನ್ನು ಹೇಗೆ ಶುದ್ಧಗೊಳಿಸಬೇಕು ಎಂಬುದೆಲ್ಲ ಅದರಲ್ಲಿದೆ. ಇಬ್ನ್ ಸೀನಾ ತಮ್ಮ 'ಅಲ್ ಖಾನೂನ್'ನಲ್ಲಿ ಆರೋಗ್ಯದ ಆರು ಅನಿವಾರ್ಯ ಕಾರಣಗಳಲ್ಲಿ ಗಾಳಿಯನ್ನೂ ಎಣಿಸಿದ್ದಾರೆ. ಗಾಳಿ ಕೆಟ್ಟಲ್ಲಿ ಮದ್ದು ಕೊಟ್ಟು ಪ್ರಯೋಜನವಿಲ್ಲ. ಮೊದಲು ಕೆಟ್ಟ ಗಾಳಿಯಿಂದ ಮನುಷ್ಯನನ್ನು ದೂರವಿಡಬೇಕು. ಆ 40 ಗಂಟೆಗಳ ಪಾಠದ ಸಾರವೂ ಇದೇ.

ನಮ್ಮಲ್ಲಿ?

ನಮ್ಮ ಕೇಂದ್ರ ಸರ್ಕಾರ 2023-24ರಲ್ಲಿ 'ನಮಸ್ತೆ' ಯೋಜನೆ ಆರಂಭಿಸಿತು. ಮೊದಲು ಒಳಚರಂಡಿ ಮತ್ತು ಶೌಚಗುಂಡಿ ಕಾರ್ಮಿಕರಿಗೆ ಮಾತ್ರ ಇದ್ದ ಇದಕ್ಕೆ 2024ರಲ್ಲಿ ಕಸ ಆಯುವವರನ್ನೂ ಸೇರಿಸಲಾಯಿತು. ನಗರಸಭೆಯ ಮೂಲಕ ಹೆಸರು ನೋಂದಾಯಿಸಿದವರಿಗೆ ಸುರಕ್ಷತಾ ತರಬೇತಿ, ರಕ್ಷಣಾ ಸಾಮಗ್ರಿ ಮತ್ತು ಆಯುಷ್ಮಾನ್ ಭಾರತ್ ಆರೋಗ್ಯ ರಕ್ಷಣೆ ಇದರಲ್ಲಿವೆ. ನಿಮ್ಮ ಮೊಹಲ್ಲಾದಲ್ಲಿ ಕಸ ಆಯುವವರು, ಗುಂಡಿ ಖಾಲಿ ಮಾಡುವವರು ಇದ್ದರೆ ಅವರ ಪಟ್ಟಿಯೊಂದಿಗೆ ಜಮಾಅತಿನ ಹಿರಿಯರು ನಗರಸಭೆಗೆ ಹೋಗಿ ವಿಚಾರಿಸಲಿ. ಒಬ್ಬ ಕೂಲಿಕಾರ ಹೋದರೆ 'ನಾಳೆ ಬಾ' ಎನ್ನುವವರು ಹತ್ತು ಜನ ಹೋದರೆ ಕುರ್ಚಿ ಹಾಕುತ್ತಾರೆ. ಅಮೆರಿಕದಲ್ಲೂ ಅರ್ಜಿ ಹಾಕುವವರು ಸಂಸ್ಥೆಗಳೇ ಎಂಬುದನ್ನು ನೆನಪಿಡಿ.

ಆದರೆ ಆ ಹುಡುಗನ ತಂದೆಯಂತೆ ಮನೆಯಂಗಳದಲ್ಲಿ ಸೀಸ ಕರಗಿಸುವವರಿಗೆ ನನ್ನ ಮಾತು ಖಂಡಿತ: ಮನೆಯ ಬಳಿ ಈ ಕೆಲಸ ಬೇಡವೇ ಬೇಡ. ಸೀಸಕ್ಕೆ ಸುರಕ್ಷಿತ ಮಟ್ಟವೆಂಬುದು ಇದುವರೆಗೆ ಕಂಡುಬಂದಿಲ್ಲ. ಹೊಟ್ಟೆಗೆ ಹೋದ ಸೀಸವನ್ನು ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳಬಹುದು. ಮಿದುಳಿಗೆ ಆದ ಹಾನಿ ಮರಳಿ ಸರಿಯಾಗದೆ ಉಳಿಯಬಹುದು. ಸಾಧ್ಯವಾದಷ್ಟು ಬೇಗ ಪರವಾನಗಿ ಇರುವ ಮರುಬಳಕೆ ಘಟಕದಲ್ಲೋ ಬೇರೆ ಕಸುಬಿನಲ್ಲೋ ಕೆಲಸ ಹುಡುಕಿ.

ಗುಜರಿ, ಬ್ಯಾಟರಿ, ಪೇಂಟ್ ಕೆಲಸಕ್ಕೆ ಹೋಗುವವರ ಮನೆಗಳಲ್ಲಿ ಇವತ್ತಿನಿಂದಲೇ ಹೀಗೆ ಮಾಡಿ:

1. ಕೆಲಸದ ಬಟ್ಟೆ, ಚಪ್ಪಲಿ ಕೆಲಸದ ಜಾಗದಲ್ಲೇ ಇರಲಿ. ಬಟ್ಟೆ ಕೊಡವಬೇಡಿ, ಮಕ್ಕಳ ಬಟ್ಟೆಯೊಂದಿಗೆ ಒಗೆಯಬೇಡಿ.

2. ಸ್ನಾನ ಮಾಡಿದ ಮೇಲೆಯೇ ಮಗುವನ್ನು ಎತ್ತಿಕೊಳ್ಳಿ. ಊಟಕ್ಕೆ ಮುಂಚೆ ಕೈಗೆ ಸಾಬೂನು ಬೇಕು. ವುಝೂ ಮಾಡಿದ್ದೇನೆಂದು ಬಿಡಬೇಡಿ, ಬರೀ ನೀರಿಗೆ ಆ ಧೂಳು ಪೂರ್ತಿ ಹೋಗುವುದಿಲ್ಲ.

3. ಕೆಲಸದ ಜಾಗದಲ್ಲಿ ಊಟ, ಚಹಾ, ಬೀಡಿ, ಗುಟ್ಕಾ ಬೇಡ.

4. ಮನೆಯ ನೆಲವನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ.

5. ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಊಟ ಕೊಡಿ. ರಾಗಿ, ಹಾಲು, ಸೊಪ್ಪು, ಮಾಂಸ ಇರಲಿ. ಕಬ್ಬಿಣ, ಸುಣ್ಣದಂಶ ಕಡಿಮೆಯಾದ ದೇಹ ಸೀಸವನ್ನು ಹೆಚ್ಚು ಹೀರುತ್ತದೆ.

6. ಅನುಮಾನವಿದ್ದರೆ ರಕ್ತಪರೀಕ್ಷೆ ಮಾಡಿಸಿ. ಶಕ್ತಿ ಬರಲೆಂದು ಯಾರೋ ಕೊಟ್ಟ ಕುಷ್ತಾ ತಿನ್ನಿಸಬೇಡಿ. ಸರಿಯಾಗಿ ತಯಾರಾಗದ ಕುಷ್ತಾದಲ್ಲೇ ಸೀಸವಿರಬಹುದು. ಯುನಾನಿ ವೈದ್ಯನಾಗಿಯೇ ಈ ಮಾತು ಹೇಳುತ್ತಿದ್ದೇನೆ.

ಆ ತಂದೆ ಈಗ ಶೆಡ್ಡು ಮುಚ್ಚಿದ್ದಾರೆ. ಸದ್ಯ ಭಾವನ ಪಂಕ್ಚರ್ ಅಂಗಡಿಯಲ್ಲಿ ಕೈಜೋಡಿಸಿದ್ದಾರೆ, ಸಂಪಾದನೆ ಮೊದಲಿನಷ್ಟಿಲ್ಲ. ಮಗು ಚಿಕಿತ್ಸೆಯಲ್ಲಿದೆ, ಮತ್ತೆ ರಕ್ತಪರೀಕ್ಷೆ ಆಗಬೇಕಿದೆ. ಇಂಥ ಮನೆ ನಿಮ್ಮ ಬೀದಿಯಲ್ಲೂ ಇದ್ದರೆ ದೂರುವ ಮುನ್ನ ಅವರಿಗೆ ಬೇರೊಂದು ಕೆಲಸ ಹುಡುಕಿಕೊಡಲು ಕೈಲಾದಷ್ಟು ಪ್ರಯತ್ನಿಸಿ.