ಎದೆನೋವು: ಅಪಾಯವನ್ನು ಅಳೆಯುವ ಬಗೆ

ಪೀಣ್ಯದ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿಯ ಕಾರ್ಮಿಕನೊಬ್ಬನಿಗೆ ಎದೆಯ ನಡುವೆ ಹಿಂಡಿದಂತಹ ನೋವು ಕಾಣಿಸಿಕೊಂಡು, ಅದು ಎಡತೋಳಿಗೆ ಇಳಿಯಿತೆಂದು ಭಾವಿಸೋಣ. ವಯಸ್ಸು 38, ಬೀಡಿ ಸೇದುವ ಅಭ್ಯಾಸವುಂಟು. ಜೊತೆಗಾರರು ಅದನ್ನು ಗ್ಯಾಸ್ಟ್ರಿಕ್ ಎಂದು ನಿರ್ಣಯಿಸಿ ಸೋಡ ಕುಡಿಸುತ್ತಾರೆ. ಮೈಯೆಲ್ಲ ಬೆವರಿದರೂ, ಪಾಳಿ ಮುಗಿಯಲಿ ಎನ್ನುವವನು ಆತನೇ. ವೈಟ್‌ಫೀಲ್ಡಿನ ಕಚೇರಿಯಲ್ಲಿ ಗಣಕಯಂತ್ರದ ಮುಂದೆ ಕುಳಿತ ತರುಣನೂ ಬೇರೆ ರೀತಿಯಲ್ಲಿ ವರ್ತಿಸುವನೆಂದು ಹೇಳಲಾಗದು.

ಹೃದಯದ ಸ್ನಾಯುವಿಗೆ ರಕ್ತವನ್ನೊಯ್ಯುವ ಪರಿಧಮನಿಗಳ ಒಳಗೋಡೆಯಲ್ಲಿ ಸಂಚಯಗೊಂಡ ಕೊಬ್ಬಿನ ಪದರವು ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟುವುದೇ ಸಾಮಾನ್ಯವಾಗಿ ಈ ವ್ಯಾಧಿಯ ಮೂಲ. ನಾಳವು ಪೂರ್ಣವಾಗಿ ಮುಚ್ಚಿಕೊಂಡಾಗ ಇ.ಸಿ.ಜಿ.ಯ ಎಸ್‌ಟಿ ಭಾಗವು ಬಹುಮಟ್ಟಿಗೆ ಮೇಲೇರುತ್ತದೆ. ಅಂತಹ ರೋಗಿಯ ಮುಂದೆ ಅಂಕಗಳನ್ನು ಕೂಡಿಸುತ್ತ ಕುಳಿತುಕೊಳ್ಳಲು ಅವಕಾಶವಿಲ್ಲ. 120 ನಿಮಿಷಗಳೊಳಗೆ ಆಂಜಿಯೋಪ್ಲಾಸ್ಟಿ ಸಾಧ್ಯವಾದರೆ ಅದನ್ನು ಮಾಡಬೇಕು. ಸಾಧ್ಯವಿಲ್ಲದಿದ್ದರೆ, ರಕ್ತಸ್ರಾವದ ಭಯವಿಲ್ಲದವರಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಕೂಡಲೇ ಕೊಡಬೇಕು.

ಆದರೆ ರೋಗಿ ಆಸ್ಪತ್ರೆಗೆ ಬರುವುದು ಯಾವಾಗ? ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತಜ್ಞರು ಮುಂದಾಗಿ ನಡೆಸಿ 2008ರಲ್ಲಿ ಪ್ರಕಟಿಸಿದ 'ಕ್ರಿಯೇಟ್' ಅಧ್ಯಯನದಲ್ಲಿ ದೇಶದ 20,468 ರೋಗಿಗಳ ವಿವರಗಳಿವೆ. ಎಸ್‌ಟಿ ಮೇಲೇರಿದ್ದವರು ನೋವು ತೊಡಗಿದ ಮೇಲೆ ಆಸ್ಪತ್ರೆ ತಲುಪಲು ತೆಗೆದುಕೊಂಡ ಮಧ್ಯಮ ಅವಧಿ 300 ನಿಮಿಷ! ಒಳಗೆ ಬಂದ ಮೇಲೆ ಮದ್ದು ದೊರೆಯಲು ಹಿಡಿದದ್ದು 50 ನಿಮಿಷ ಮಾತ್ರ. ಚಿತ್ರದುರ್ಗದ ಮುರುಘಾಮಠದ ಜಯದೇವ ಜಗದ್ಗುರುಗಳ ನಾಮಾಂಕಿತವಾದ ಹೃದ್ರೋಗ ಸಂಸ್ಥೆ ಬನ್ನೇರುಘಟ್ಟ ರಸ್ತೆಯಲ್ಲಿದೆ. ಪೀಣ್ಯದಿಂದ ಅಲ್ಲಿಗೆ ಹೋಗಲು ನಗರವನ್ನೇ ದಾಟಬೇಕು. ಆದ್ದರಿಂದ ಮೊದಲ ಇ.ಸಿ.ಜಿ. ಹತ್ತಿರದ ಆಸ್ಪತ್ರೆಯಲ್ಲೇ, ಬಂದ ಹತ್ತು ನಿಮಿಷಗಳಲ್ಲಿ ಆಗತಕ್ಕದ್ದು. 2021ರಲ್ಲಿ ನಿಧನರಾದ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ 'ಹೃದಯಜ್ಯೋತಿ' ಯೋಜನೆಯು ತಾಲ್ಲೂಕು ಆಸ್ಪತ್ರೆಗಳ ಇ.ಸಿ.ಜಿ.ಯನ್ನು ದೂರದ ತಜ್ಞರಿಗೆ ತಲುಪಿಸುವ ಏರ್ಪಾಡನ್ನೇ ಅವಲಂಬಿಸಿದೆ.

ಎಸ್‌ಟಿ ಏರದ ರೋಗಿಯ ವಿಷಯದಲ್ಲಿಯೇ ಅಪಾಯದ ಅಂದಾಜು ಕಠಿಣವಾಗುವುದು. ನೋವಿನ ತೀವ್ರತೆ ಇಲ್ಲಿ ಅಳತೆಗೋಲಲ್ಲ. ಮಧುಮೇಹಿಗಳಲ್ಲಿ ನೋವೇ ಇಲ್ಲದಿರಬಹುದು. ಕಿಲಿಪ್ ಎಂಬ ವೈದ್ಯನು 1967ರಲ್ಲಿ ಸ್ಟೆತಾಸ್ಕೋಪಿಗೆ ಕೇಳುವ ಶ್ವಾಸಕೋಶದ ಸದ್ದು, ರಕ್ತದೊತ್ತಡ ಮೊದಲಾದವುಗಳಿಂದಲೇ ಹೃದಯಾಘಾತದ ರೋಗಿಗಳನ್ನು ನಾಲ್ಕು ವರ್ಗ ಮಾಡಿದನು. ಅನಂತರ 'ಟಿಮಿ', 'ಗ್ರೇಸ್' ಮೊದಲಾದ ಮಾನದಂಡಗಳು ಬಂದವು. ನೆದರ್ಲೆಂಡ್ಸಿನಲ್ಲಿ 2008ರಲ್ಲಿ ರೂಪುಗೊಂಡ 'ಹಾರ್ಟ್' ಮಾನದಂಡವು ಎಲ್ಲಕ್ಕಿಂತ ಸರಳ. ನೋವಿನ ವೃತ್ತಾಂತ, ಇ.ಸಿ.ಜಿ., ವಯಸ್ಸು, ಅಪಾಯಕಾರಕ ಅಭ್ಯಾಸ-ವ್ಯಾಧಿಗಳು ಹಾಗೂ ಟ್ರೊಪೊನಿನ್ ಎಂಬ ರಕ್ತಪರೀಕ್ಷೆ, ಈ ಐದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ಮೊತ್ತ 3ರೊಳಗಿದ್ದವರಲ್ಲಿ ಆರು ವಾರಗಳಲ್ಲಿ ಹೃದಯಾಘಾತ, ಮರಣ ಅಥವಾ ನಾಳ ತೆರೆಯುವ ಚಿಕಿತ್ಸೆಯ ಅಗತ್ಯ ಕಂಡದ್ದು ಶೇ. 1.7ರಷ್ಟು, 7 ಅಥವಾ ಹೆಚ್ಚಿನವರಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ.

ಈಗ ಪೀಣ್ಯದ ಕಾರ್ಮಿಕನಿಗೆ ಅಂಕ ಹಾಕಿ ನೋಡಬಹುದು. ಜೊತೆಗಾರರು ಆತನ ಮಾತು ಕೇಳದೆ ಒಂದು ಗಂಟೆಯೊಳಗೇ ಕರೆತಂದರೆಂದಿಟ್ಟುಕೊಳ್ಳೋಣ. ವೃತ್ತಾಂತಕ್ಕೆ 2, ಧೂಮಪಾನಕ್ಕೆ 1, 45 ತುಂಬದ ಕಾರಣ ವಯಸ್ಸಿಗೆ ಸೊನ್ನೆ, ಇ.ಸಿ.ಜಿ. ಸಹಜ, ಟ್ರೊಪೊನಿನ್ ಸಹಜ. ಒಟ್ಟು 3, ಎಂದರೆ ಅಲ್ಪಾಪಾಯ. ಇಲ್ಲಿಯೇ ಎಚ್ಚರ ಬೇಕು. ಸ್ನಾಯುವಿಗೆ ಪೆಟ್ಟಾದೊಡನೆ ಟ್ರೊಪೊನಿನ್ ರಕ್ತದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಅದಕ್ಕೆ ಕೆಲವು ಗಂಟೆಗಳು ಹಿಡಿಯುತ್ತವೆ. ಬೇಗ ಬಂದವನ ಮೊದಲ ಸೊನ್ನೆಗೆ ಅಷ್ಟು ಬೆಲೆಯಿಲ್ಲ. ವಯಸ್ಸಿನ ಸೊನ್ನೆಯೂ ನಮ್ಮವರ ಮಟ್ಟಿಗೆ ಸಂಶಯಾಸ್ಪದವೇ: ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವು ಇತರರಿಗಿಂತ ಸುಮಾರು ಆರು ವರ್ಷ ಮುಂಚೆ, 53ರ ಆಸುಪಾಸಿನಲ್ಲಿ ಆಗುವುದೆಂದು 'ಇಂಟರ್‌ಹಾರ್ಟ್' ಅಧ್ಯಯನವು ತೋರಿಸಿದೆ.

ಆದುದರಿಂದ ಆತನನ್ನು ಮನೆಗೆ ಕಳುಹಿಸದೆ ನಿಗಾದಲ್ಲಿರಿಸಿ, ನೋವು ಮರುಕಳಿಸಿದಾಗಲೆಲ್ಲ ಇ.ಸಿ.ಜಿ. ತೆಗೆದು, ಮೂರು ಗಂಟೆಗಳ ಬಳಿಕ ರಕ್ತವನ್ನು ಮತ್ತೆ ಪರೀಕ್ಷಿಸಬೇಕಾಗುತ್ತದೆ. ಅಷ್ಟರಲ್ಲಿ ಎಸ್‌ಟಿ ಸ್ಪಷ್ಟವಾಗಿ ಕುಸಿದು, ಟ್ರೊಪೊನಿನ್ ಸಹಜ ಮಿತಿಯ ಮೂರು ಪಟ್ಟನ್ನು ಮೀರಿದರೆ, ಬೆಳಗಿನ ಪಾಳಿಯ ಗಂಟೆ ಬಾರಿಸುವ ಹೊತ್ತಿಗೆ ಅದೇ ಮನುಷ್ಯನ ಮೊತ್ತ 7.