ಗ್ರೇಡ್ ಒಂದು ಎಂದು ಸುಮ್ಮನಾಗಬೇಡ



ಸ್ಕ್ಯಾನಿಂಗ್‌ನಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’ ಅಂತ ಬಂದಿದೆ, ಶುಗರ್ ನಾರ್ಮಲ್ ಇರುವುದರಿಂದ ಯೋಚನೆ ಇಲ್ಲ ಎಂದು ಬರೆದಿದ್ದೀಯ. ನನಗೆ ಯೋಚನೆ ಇದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ನಿನ್ನ ಓರಗೆಯವರೆಲ್ಲ ಓದಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ರಾತ್ರಿ ನಾವು ಮಲಗಿದಾಗ ಮೈಗೆ ಬೇಕಾದ ಸಕ್ಕರೆಯನ್ನು ರಕ್ತಕ್ಕೆ ಬಿಡುವುದು ಲಿವರ್. ಸಾಕು ಎಂದು ಅದನ್ನು ತಡೆಯುವುದು ಇನ್ಸುಲಿನ್. ಕೊಬ್ಬು ತುಂಬಿದ ಲಿವರ್ ಆ ಮಾತು ಕೇಳುವುದಿಲ್ಲ, ಸಕ್ಕರೆ ಬಿಡುತ್ತಲೇ ಇರುತ್ತದೆ. ಆಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸಬೇಕಾಗುತ್ತದೆ. ಇನ್ಸುಲಿನ್ ರೆಸಿಸ್ಟೆನ್ಸ್ ಎಂದು ಡಾಕ್ಟರು ಹೇಳುವುದು ಇನ್ಸುಲಿನ್ ಮಾತು ಕೇಳದ ಈ ಸ್ಥಿತಿಯನ್ನೇ. ಹೆಚ್ಚಿದ ಇನ್ಸುಲಿನ್‌ನಿಂದ ಲಿವರ್‌ನಲ್ಲಿ ಮತ್ತೆ ಕೊಬ್ಬು ಕಟ್ಟುತ್ತದೆ. ವರ್ಷಗಟ್ಟಲೆ ಹೀಗೇ ನಡೆದು, ಕೊಬ್ಬು ಮೇದೋಜೀರಕಕ್ಕೂ ಸೇರಿ, ಅದು ಸೋತಾಗ ಶುಗರ್ ಏರುತ್ತದೆ. ನಿನ್ನ ನಾರ್ಮಲ್ ರಿಪೋರ್ಟಿಗಾಗಿ ಆ ಗ್ರಂಥಿ ಈಗ ಎಷ್ಟು ದುಡಿಯುತ್ತಿದೆ ಎಂಬುದು ಖಾಲಿ ಹೊಟ್ಟೆಯ ಶುಗರ್ ನೋಡಿದರೆ ತಿಳಿಯುವುದಿಲ್ಲ.

ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ರಾಯ್ ಟೇಲರ್ ಅವರ ತಂಡ 2011ರಲ್ಲಿ ಸಕ್ಕರೆ ಕಾಯಿಲೆಯವರಿಗೆ ಎಂಟು ವಾರ ತೀರಾ ಮಿತವಾದ ಆಹಾರ ಕೊಟ್ಟು ನೋಡಿತು. ಒಂದೇ ವಾರದಲ್ಲಿ ಲಿವರ್‌ನ ಕೊಬ್ಬು ಇಳಿಯಿತು, ಬೆಳಗಿನ ಶುಗರ್ ಸರಿಹೋಯಿತು. ಅಂಥ ಪಥ್ಯವನ್ನು ವೈದ್ಯರಿಲ್ಲದೆ ಮಾಡಬೇಡ. ಆದರೆ ಕಾಯಿಲೆ ಬಂದವರಲ್ಲೇ ಅದು ಹಿಮ್ಮೆಟ್ಟುವುದಾದರೆ, ಬರದ ನಿನಗೆ ದಾರಿ ಇನ್ನೂ ಸುಲಭ.

‘ನಾನೇನು ದಪ್ಪ ಇಲ್ಲವಲ್ಲ’ ಎನ್ನುತ್ತೀಯ. ಪುಣೆಯ ಡಾ. ಯಾಜ್ಞಿಕ್ 2004ರಲ್ಲಿ ತಮ್ಮನ್ನೂ ಬ್ರಿಟಿಷ್ ಸಹೋದ್ಯೋಗಿ ಯುಡ್ಕಿನ್ ಅವರನ್ನೂ ಹೋಲಿಸಿ ತೋರಿಸಿದರು. ಇಬ್ಬರ ಬಿಎಂಐ ಒಂದೇ, 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್ ಅವರಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ನಮ್ಮವರ ತೆಳ್ಳನೆಯ ಮೈ ನಂಬುವಂಥದ್ದಲ್ಲ. ಟೇಪು ಹಿಡಿದು ಸೊಂಟ ಅಳೆ: ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು.

ನಿಮ್ಮಜ್ಜ ಗುಡ್ಡ ಹತ್ತಿ ಸೊಪ್ಪು ಹೊತ್ತು ತಂದು, ಬೆಳಗ್ಗೆ ಕಡುಬು, ಎರಡು ಹೊತ್ತು ಅನ್ನ ಉಂಡು ಅರಗಿಸಿಕೊಂಡರು. ಈಗ ತೋಟದವರೆಗೆ ಬೈಕು, ಅಡಿಕೆ ಸುಲಿಯಲು ಮೆಷಿನ್, ಔಷಧಿ ಹೊಡೆಯಲು ಫೈಬರ್ ದೋಟಿ. ಇವೆಲ್ಲ ಬೇಕಾದ ಅನುಕೂಲಗಳೇ, ಆದರೆ ಊಟ ಮಾತ್ರ ಅಜ್ಜನದೇ ಉಳಿದಿದೆ. ಅನ್ನ ಅರ್ಧಕ್ಕೆ ಇಳಿಸು. ಹುರುಳಿ, ಕಾಳು, ಸೊಪ್ಪು, ಕಳಲೆ ಹೆಚ್ಚಲಿ. ಬೆಲ್ಲದ ಕಾಫಿ ಪರವಾಗಿಲ್ಲ ಎಂಬುದು ನಮ್ಮ ಕಡೆಯ ದೊಡ್ಡ ಭ್ರಮೆ, ಲಿವರ್‌ಗೆ ಬೆಲ್ಲವೂ ಸಕ್ಕರೆಯೇ. ಸಿಹಿಯಿಲ್ಲದ ಕಾಫಿ ಕುಡಿ, ಅದು ಲಿವರ್‌ಗೆ ಒಳ್ಳೆಯದೇ. ಅಡಿಕೆ ಬೆಳೆದೇ ಬದುಕಿದವನಾಗಿ ಹೇಳುತ್ತೇನೆ, ಕವಳ ಬಿಡು. ಅಡಿಕೆ ಅಗಿಯುವುದಕ್ಕೂ ಬೊಜ್ಜು, ಸಕ್ಕರೆ ಕಾಯಿಲೆಗಳಿಗೂ ನಂಟಿರುವುದು ತೈವಾನ್‌ನ ಅಧ್ಯಯನಗಳಲ್ಲಿ ಕಂಡಿದೆ. ಕುಡಿತವಿದ್ದರೆ ಅದನ್ನೂ ಬಿಡು. ದಿನಾ ಬೆವರು ಬರುವಷ್ಟು ನಡೆ. 80 ಕೆಜಿ ಇದ್ದರೆ ಆರೇಳು ಕೆಜಿ ಇಳಿದರೂ ಲಿವರ್ ಹಗುರಾಗುತ್ತದೆ.

ಈ ವಾರ ತಾಲ್ಲೂಕು ಆಸ್ಪತ್ರೆಗೆ ಹೋಗಿ ಮೂರು ತಿಂಗಳ ಸರಾಸರಿ ಶುಗರ್, ಟ್ರೈಗ್ಲಿಸರೈಡ್, ಲಿವರ್ ಪರೀಕ್ಷೆಗಳ ಬಗ್ಗೆ ಡಾಕ್ಟರನ್ನು ಕೇಳು. ಸರಾಸರಿ ಶೇ 5.7 ಮುಟ್ಟಿದ್ದರೆ ಮುಚ್ಚಿಡದೆ ಫೋನ್ ಮಾಡು, ಡಾಕ್ಟರ ಹತ್ತಿರ ಒಟ್ಟಿಗೇ ಹೋಗೋಣ.

ನಿನ್ನ ದೊಡ್ಡಪ್ಪ