ಬರಿದಾಗುವ ಆಸ್ತಿ: ಕೆಜಿಎಫ್ ನೋಡಲು ಹೋಗುವವರಿಗೆ ಒಂದು ಲೆಕ್ಕಶಾಸ್ತ್ರ ಪಾಠ

ಲೆಕ್ಕಶಾಸ್ತ್ರದ 'ಸವಕಳಿ' ಅಧ್ಯಾಯವನ್ನು ನಾವೆಲ್ಲ ಯಂತ್ರ, ಪೀಠೋಪಕರಣಗಳ ಲೆಕ್ಕ ಮಾಡುತ್ತಲೇ ಮುಗಿಸುತ್ತೇವೆ. ಪರೀಕ್ಷೆಗೆ ಬರುವುದೂ ಅಷ್ಟೇ. ಅದೇ ಅಧ್ಯಾಯದಲ್ಲಿ ಒಂದೆರಡು ಸಾಲಿನಲ್ಲಿ ಬಂದು ಹೋಗುವ ಇನ್ನೊಂದು ಪದವಿದೆ: ಡಿಪ್ಲಿಷನ್, ಅಂದರೆ ಬರಿದಾಗುವಿಕೆ. ಯಂತ್ರ ಸವೆಯುತ್ತದೆ, ಗಣಿ ಬರಿದಾಗುತ್ತದೆ. ಯಂತ್ರ ಹೋದರೆ ಹೊಸದನ್ನು ತರಬಹುದು, ಗಣಿಯನ್ನು ತರಲಾಗುವುದಿಲ್ಲ.

ಲೆಕ್ಕ ಸುಲಭ. ಒಂದು ಗಣಿಯನ್ನು 10 ಲಕ್ಷ ರೂಪಾಯಿಗೆ ಕೊಂಡಿದ್ದೇವೆ, ಅದರಲ್ಲಿ 1 ಲಕ್ಷ ಟನ್ ಅದಿರು ಇದೆ ಎಂದುಕೊಳ್ಳೋಣ. ಒಂದು ಟನ್ನಿಗೆ 10 ರೂಪಾಯಿ ಆಯಿತು. ಈ ವರ್ಷ 8,000 ಟನ್ ತೆಗೆದರೆ ಲಾಭ ನಷ್ಟ ಖಾತೆಗೆ 80,000 ರೂಪಾಯಿ ಖರ್ಚು ಹಾಕಬೇಕು. ಹೀಗೆ ಕೊನೆಯ ಟನ್ ಹೊರಬಂದ ದಿನ ಪುಸ್ತಕದಲ್ಲಿ ಗಣಿಯ ಬೆಲೆ ಸೊನ್ನೆ.

ಪುಸ್ತಕದಲ್ಲಿ ಸೊನ್ನೆಯಾದ ಮೇಲೆ ಊರು ಏನಾಗುತ್ತದೆ? ಇದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. ಕಾಲೇಜಿನ ಪ್ರವಾಸವೆಂದರೆ ಊಟಿ, ಮಡಿಕೇರಿ ಎನ್ನುವ ನಾವು ಒಮ್ಮೆ ಕೋಲಾರ ಚಿನ್ನದ ಗಣಿ ಪ್ರದೇಶ, ಅಂದರೆ ಕೆಜಿಎಫ್ ಕಡೆಗೂ ಹೋಗಬೇಕು ಎಂಬುದು ನನ್ನ ಅಭಿಪ್ರಾಯ.

ಅಷ್ಟು ದೂರದ ಊರಿಗೂ ನಮಗೂ ಏನು ಸಂಬಂಧ ಎನ್ನಬೇಡಿ. ಗಣಿಯ ಯಂತ್ರಗಳಿಗೆಂದೇ ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ ಕೇಂದ್ರ ಕಟ್ಟಿ, 1902ರಲ್ಲಿ ಸುಮಾರು 147 ಕಿ.ಮೀ. ತಂತಿ ಎಳೆದು ಕೆಜಿಎಫ್‌ಗೆ ಕರೆಂಟು ಕೊಟ್ಟರು. ಬೆಂಗಳೂರಿಗೆ ಬೆಳಕು ಬಂದದ್ದು 1905ರಲ್ಲಿ. ಬೇಸಿಗೆಯಲ್ಲಿ ಕಾವೇರಿ ಇಳಿದರೆ ಗಣಿಗೆ ಕರೆಂಟು ಸಾಲದು. ಕನ್ನಂಬಾಡಿ ಅಣೆಕಟ್ಟು ಬೇಕೆನ್ನಲು ನೀರಾವರಿಯ ಜೊತೆಗೆ ಇದೂ ಒಂದು ಮುಖ್ಯ ಕಾರಣವಾಗಿತ್ತು. 1911ರಲ್ಲಿ ಆ ಕೆಲಸ ಶುರುವಾಯಿತು. ಹುಣಸೂರಿನ ಲಕ್ಷ್ಮಣತೀರ್ಥ ಹೋಗಿ ಸೇರುವುದು ಅದೇ ಕೃಷ್ಣರಾಜಸಾಗರವನ್ನು. ನಮ್ಮ ಸೇತುವೆಯ ಕೆಳಗೆ ಹರಿದ ನೀರು ಮುಂದೆ ಹೋಗಿ ಕೋಲಾರದ ಚಿನ್ನ ಎತ್ತಿದೆ!

ಈಗ ಗಣಿಯ ವಿಷಯ. 1802ರಲ್ಲಿ ಜಾನ್ ವಾರೆನ್ ಎಂಬ ಬ್ರಿಟಿಷ್ ಅಧಿಕಾರಿ ಅಲ್ಲಿನ ಹಳ್ಳಿಯವರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ನೋಡಿ ವರದಿ ಬರೆದ. ಅದನ್ನು ಓದಿ 1871ರಲ್ಲಿ ಹುಡುಕಿಕೊಂಡು ಹೋದವನು ನಿವೃತ್ತ ಸೈನಿಕ ಲ್ಯಾವೆಲ್. ಬೆಂಗಳೂರಿನ ಲ್ಯಾವೆಲ್ ರಸ್ತೆ ಅವನ ಹೆಸರಿನದೇ. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿ ನಡೆಸಿತು. ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗಿಂತಲೂ ಆಳಕ್ಕೆ ಹೋಯಿತು. ಅಲ್ಲಿ ಬಂಡೆಯೇ ಮುಟ್ಟಲಾರದಷ್ಟು ಬಿಸಿ, ಒತ್ತಡಕ್ಕೆ ಬಂಡೆ ಸಿಡಿಯುವ ಭಯ ಬೇರೆ. ಇಳಿದವರಲ್ಲಿ ಹೆಚ್ಚಿನವರು ತಮಿಳು ನಾಡಿನಿಂದ ಬಂದ ದಲಿತ ಕುಟುಂಬಗಳವರು.

ಒಟ್ಟು 800 ಟನ್ನಿಗೂ ಹೆಚ್ಚು ಚಿನ್ನ ಹೊರಬಂದಿದೆ. ನಮ್ಮ ಅಮ್ಮಿ ಬಂಗಾರವನ್ನು ಈಗಲೂ ತೊಲದಲ್ಲೇ ಎಣಿಸುತ್ತಾರೆ, ಅವರಿಗಾಗಿ ಲೆಕ್ಕ ಹಾಕಿದೆ: ಆರೂವರೆ ಕೋಟಿ ತೊಲಕ್ಕೂ ಮೇಲೆ. "ಅಷ್ಟರಲ್ಲಿ ಅಲ್ಲಿಯವರಿಗೆ ಎಷ್ಟು ಉಳಿಯಿತು?" ಎಂದು ಕೇಳಿದರು. ನನ್ನ ಅಧ್ಯಾಯದಲ್ಲಿ ಆ ಕಾಲಂ ಇಲ್ಲ.

ಮೊದಮೊದಲು ಒಂದು ಟನ್ ಅದಿರಿನಲ್ಲಿ ಹತ್ತಾರು ಗ್ರಾಂ ಸಿಗುತ್ತಿದ್ದ ಚಿನ್ನ ಕೊನೆಗೆ ಕೆಲವೇ ಗ್ರಾಂಗೆ ಇಳಿಯಿತು. ಆಳ ಹೆಚ್ಚಿದಂತೆ ಗಾಳಿ, ನೀರೆತ್ತುವ ಪಂಪು, ಸಾಗಣೆ ಎಲ್ಲದರ ವೆಚ್ಚವೂ ಏರಿತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, ಆಮೇಲೆ ಕೇಂದ್ರ ಸರ್ಕಾರಕ್ಕೆ ಹೋದವು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು.

ಹೋದರೆ ಏನು ನೋಡಬಹುದು? ಗಣಿಯೊಳಗೆ ಇಳಿಯಲು ಬಿಡುವುದಿಲ್ಲ, ಪಂಪು ನಿಂತ ಮೇಲೆ ಅಲ್ಲಿ ನೀರು ತುಂಬಿದೆ. ಮೇಲೆ ಕಾಣುವುದು ಶಾಫ್ಟುಗಳ ಕಬ್ಬಿಣದ ಗೋಪುರ, ಹಳೆಯ ಬಂಗಲೆಗಳು, ಕಾರ್ಮಿಕರ ಸಾಲು ಮನೆಗಳು, ಮತ್ತೆ ಸೈನೈಡ್ ಗುಡ್ಡಗಳು. ಚಿನ್ನ ತೆಗೆದು ಬಿಸಾಡಿದ ಪುಡಿ ಮಣ್ಣು ಮೂರು ಕೋಟಿ ಟನ್ನಿಗೂ ಹೆಚ್ಚಿದೆ. ಸಿನಿಮಾದಲ್ಲಿ ನೋಡಿದವರು ಅದರ ಮೇಲೆ ಹತ್ತಿ ಫೋಟೊ ತೆಗೆಯಲು ಆಸೆಪಡುತ್ತಾರೆ. ಅದು ರಾಸಾಯನಿಕ ಬೆರೆತ ಧೂಳು, ಗಾಳಿ ಬೀಸಿದರೆ ಪಕ್ಕದ ಮನೆಗಳ ಅನ್ನಕ್ಕೇ ಬೀಳುತ್ತದೆ. ದೂರದಿಂದ ನೋಡುವುದೇ ಸರಿ. ವಿಜ್ಞಾನ ವಿಭಾಗದವರಿಗೂ ಇಲ್ಲಿ ಕೆಲಸವಿದೆ: ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳನ್ನು 1965ರಲ್ಲಿ ಗುರುತಿಸಿದ್ದು ಇದೇ ಗಣಿಯ ಆಳದಲ್ಲಿ. ಹತ್ತಿರದ ಪೆದ್ದಪಲ್ಲಿಯಲ್ಲಿ ದಿಂಬಿನಾಕಾರದ ಲಾವಾ ಶಿಲೆಗಳಿವೆ, ಅವು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಸುತ್ತಮುತ್ತ ನೋಡುವುದೂ ಬೇಕಾದಷ್ಟಿದೆ. ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಿ 108 ಅಡಿಯ ಲಿಂಗ, ಗುಟ್ಟಹಳ್ಳಿಯಲ್ಲಿ ಬಂಗಾರು ತಿರುಪತಿ. ಕೋಲಾರದಲ್ಲಿ ಕೋಲಾರಮ್ಮನ ಗುಡಿ, ಬೆಟ್ಟ ಹತ್ತಿದರೆ ಅಂತರಗಂಗೆಯ ಬಂಡೆ ಗುಹೆಗಳು. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಹೈದರ್ ಅಲಿ ಹುಟ್ಟಿದ ಊರು. ಅವರ ತಂದೆ ಫತೇ ಮುಹಮ್ಮದ್ ಅವರ ಸಮಾಧಿ ಕೋಲಾರದ ಮಕಬರಾದಲ್ಲಿದೆ. ಶ್ರೀರಂಗಪಟ್ಟಣದ ಗುಂಬಜ್ ನೋಡಿದವರು ಇದನ್ನೂ ನೋಡಿದರೆ ಕಥೆ ಪೂರ್ತಿಯಾಗುತ್ತದೆ. ಮುಳಬಾಗಿಲಿಗೆ ಹೋದರೆ ಹೈದರ್ ವಲಿ ದರ್ಗಾ, ಜೊತೆಗೆ ದೋಸೆ.

ವಾಣಿಜ್ಯ ವಿದ್ಯಾರ್ಥಿಯಾಗಿ ನನಗೆ ಕಂಡ ತೊಂದರೆ ಒಂದೇ. ಬೆಳಿಗ್ಗೆ ಬೆಂಗಳೂರಿನಿಂದ ಬಂದು ಕೋಟಿಲಿಂಗೇಶ್ವರ ನೋಡಿ ಸಂಜೆಗೆ ವಾಪಸಾಗುವವರ ಒಂದು ರೂಪಾಯಿಯೂ ಕೆಜಿಎಫ್ ಪೇಟೆಗೆ ತಲುಪುವುದಿಲ್ಲ. ಗಣಿ ಹೋದ ಊರಿಗೆ ಪ್ರವಾಸದಿಂದ ಆದಾಯ ಬರಬೇಕಾದರೆ ಪ್ರವಾಸಿ ಅಲ್ಲಿ ನಿಲ್ಲಬೇಕು, ತಿನ್ನಬೇಕು, ತಂಗಬೇಕು. ಆದ್ದರಿಂದ ನಾವು ಹೋದರೆ ಎರಡು ದಿನದ ಪ್ರವಾಸ ಇಟ್ಟುಕೊಳ್ಳೋಣ. ಒಂದು ದಿನ ಕೋಲಾರ, ಒಂದು ದಿನ ಕೆಜಿಎಫ್. ಮಧ್ಯಾಹ್ನದ ಊಟ ರಾಬರ್ಟ್‌ಸನ್‌ಪೇಟೆಯಲ್ಲೇ ಆಗಲಿ, ಹಳೆಯ ಕಾರ್ಮಿಕರೊಬ್ಬರು ಊರು ತೋರಿಸಿದರೆ ಅವರಿಗೆ ಸರಿಯಾದ ಕೂಲಿ ಕೊಡೋಣ.

ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲಿದೆ. ಕೋರಮಂಡಲ್, ಉರಿಗಾಂ, ಚಾಂಪಿಯನ್ ಎಂದು ಗಣಿಗಳ ಹೆಸರನ್ನೇ ಹೊತ್ತ ನಿಲ್ದಾಣಗಳು ಒಂದೊಂದಾಗಿ ಬರುತ್ತವೆ. ವಾಪಸು ಬರುವಾಗ ಮಾತ್ರ ಬೆಳಗಿನ ರೈಲು ಬೇಡ. ಕೆಜಿಎಫ್‌ನ ಸಾವಿರಾರು ಜನ ದಿನವೂ ಅದರಲ್ಲೇ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ, ನಮ್ಮ ನಲವತ್ತು ಬ್ಯಾಗುಗಳಿಗೆ ಅಲ್ಲಿ ಜಾಗವಿರುವುದಿಲ್ಲ.